ನೀರು ಬೀಳುವ ಮೊದಲೇ ಕಣ್ಮುಚ್ಚಿದ ಮಗು: ದೀಕ್ಷಾಸ್ನಾನವಿಲ್ಲದೆ ರಕ್ಷಣೆ ಇಲ್ಲವೇ?

ಪ್ರಶ್ನೆ: ನಮ್ಮದು ಕುಮಟಾ ಕಡೆಯ ಕಥೋಲಿಕ ಕುಟುಂಬ. ಜುಲೈಯಲ್ಲಿ ನನ್ನ ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಮಗು ಮೂರನೆಯ ದಿನ ಆಸ್ಪತ್ರೆಯಲ್ಲೇ ತೀರಿಕೊಂಡಿತು. ದೀಕ್ಷಾಸ್ನಾನ (ನೀರು ಹೊಯ್ದು ಕ್ರೈಸ್ತ ಸಭೆಗೆ ಸೇರಿಸುವ ಸಂಸ್ಕಾರ, ಬ್ಯಾಪ್ಟಿಸಂ) ಆಗಿರಲಿಲ್ಲ. 'ನೀರು ಬೀಳದ ಮಗುವಿಗೆ ಸ್ವರ್ಗವಿಲ್ಲ' ಎಂದು ಬಂಧುಗಳಲ್ಲಿ ಹಿರಿಯರೊಬ್ಬರು ಅಂದುಬಿಟ್ಟರು. ಅಂದಿನಿಂದ ಅವಳು ಸರಿಯಾಗಿ ಊಟ ಮಾಡಿಲ್ಲ. ಆ ಮಾತು ನಿಜವೇ?

ಉತ್ತರ: ಅಲ್ಲ. ಕಥೋಲಿಕ ಧರ್ಮಸಭೆ ಹಾಗೆ ಬೋಧಿಸುವುದಿಲ್ಲ. ಇಷ್ಟನ್ನು ಮೊದಲು ತಂಗಿಗೆ ತಿಳಿಸಿ, ಉಳಿದದ್ದನ್ನು ಆಮೇಲೆ ಓದಿದರಾಯಿತು.

ಆ ಹಿರಿಯರ ಮೇಲೆ ಸಿಟ್ಟಾಗಬೇಡಿ. ಅವರು ಕೇಳಿ ಬೆಳೆದದ್ದೇ ಅದು. ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳಿಗೂ ಶಿಕ್ಷೆ ತಪ್ಪದು, ಅದು ತೀರಾ ಸೌಮ್ಯವಾದದ್ದು ಮಾತ್ರ ಎಂದು ಐದನೆಯ ಶತಮಾನದ ಸಂತ ಅಗಸ್ಟೀನ್ ಬರೆದಿದ್ದರು. ಮಧ್ಯಯುಗದ ಪಂಡಿತರಿಗೆ ಅದು ಕಠೋರವೆನಿಸಿ, ನೋವೂ ಇಲ್ಲದ ದೇವದರ್ಶನವೂ ಇಲ್ಲದ 'ಲಿಂಬೋ' ಎಂಬ ಅಂಚಿನ ಲೋಕವನ್ನು ಊಹಿಸಿದರು. ಅದು ಎಂದೂ ವಿಶ್ವಾಸದ ಸತ್ಯವೆಂದು ಘೋಷಣೆಯಾಗಲಿಲ್ಲ, ಆದರೂ ತಲೆಮಾರುಗಳ ಕಾಲ ಧರ್ಮೋಪದೇಶದ ತರಗತಿಗಳಲ್ಲಿ ಹೇಳಿಕೊಟ್ಟರು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ ಲಿಂಬೋ ಎಂಬ ಪದವೇ ಇಲ್ಲ. ಇಂಥ ಶಿಶುಗಳನ್ನು ಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ ಎಂದಿದೆ. 2007ರಲ್ಲಿ ವ್ಯಾಟಿಕನ್ನಿನ ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗ, ಈ ಮಕ್ಕಳು ರಕ್ಷಣೆ, ಅಂದರೆ ಸ್ವರ್ಗ, ಹೊಂದುತ್ತಾರೆಂದು ನಿರೀಕ್ಷಿಸಲು ಬಲವಾದ ಆಧಾರಗಳಿವೆ ಎಂದು ವಿವರವಾಗಿ ಬರೆಯಿತು. ಖಚಿತ ಜ್ಞಾನ ಎನ್ನಲಿಲ್ಲ, ನಿರೀಕ್ಷೆ ಎಂದಿತು. ಆ ಎಚ್ಚರವನ್ನು ನಾನು ಗೌರವಿಸುತ್ತೇನೆ.

ಹಾಗಾದರೆ ದೀಕ್ಷಾಸ್ನಾನ ಇದ್ದರೂ ಆದೀತು, ಇಲ್ಲದಿದ್ದರೂ ಆದೀತು ಎನ್ನಬಹುದೇ? ಅದೂ ಅಲ್ಲ. ನೀರಿನಿಂದಲೂ ಆತ್ಮದಿಂದಲೂ ಹುಟ್ಟದವನು ದೇವರ ರಾಜ್ಯವನ್ನು ಸೇರಲಾರ ಎಂದು ಯೇಸು ಯೆಹೂದ್ಯ ಮುಖಂಡ ನಿಕೊದೇಮನಿಗೆ ಹೇಳಿದ್ದು ಯೊವಾನ್ನನ ಸುವಾರ್ತೆಯಲ್ಲಿದೆ. ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯವು ನಂಬಿ ದೀಕ್ಷಾಸ್ನಾನ ಪಡೆದವನಿಗೆ ರಕ್ಷಣೆ ಎನ್ನುತ್ತದೆ. ಆದರೆ ಅದೇ ವಚನದ ಎರಡನೆಯ ಅರ್ಧವನ್ನು ನಿಧಾನವಾಗಿ ಓದಿ. ದಂಡನೆ ಯಾರಿಗೆ? ನಂಬದವನಿಗೆ. 'ದೀಕ್ಷಾಸ್ನಾನ ಪಡೆಯದವನಿಗೆ' ಎಂಬ ಮಾತು ಅಲ್ಲಿಲ್ಲ. ಕಣ್ಣು ತೆರೆದು ಮೂರು ದಿನ ಬದುಕಿದ ಕೂಸು ಯಾವುದನ್ನು ನಂಬದೆ ತಿರಸ್ಕರಿಸಿತ್ತು?

ಈ ಚರ್ಚೆಯಲ್ಲಿ ಎಲ್ಲರೂ ಶಿಲುಬೆಯ ಮೇಲಿನ ಕಳ್ಳನನ್ನು, ದೀಕ್ಷಾಸ್ನಾನವಿಲ್ಲದೆಯೇ ಯೇಸುವಿನಿಂದ ಸ್ವರ್ಗದ ಭರವಸೆ ಪಡೆದವನನ್ನು, ಕರೆತರುತ್ತಾರೆ. ನನಗೆ ಅದಕ್ಕಿಂತ ಕೊರ್ನೇಲಿಯನ ಮನೆ ಹೆಚ್ಚು ಹೇಳುತ್ತದೆ. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು, 10ನೆಯ ಅಧ್ಯಾಯ. ಯೇಸುವಿನ ಶಿಷ್ಯ ಪೇತ್ರ ಇನ್ನೂ ಮಾತನಾಡುತ್ತಿರುವಾಗಲೇ ಆ ರೋಮನ್ ಶತಾಧಿಪತಿಯ ಮನೆಯಲ್ಲಿ ಸೇರಿದ್ದವರೆಲ್ಲರ ಮೇಲೆ ಪವಿತ್ರಾತ್ಮ ಇಳಿದು ಬರುತ್ತಾರೆ. ಆಗಿನ್ನೂ ಯಾರ ತಲೆಗೂ ಒಂದು ಹನಿ ನೀರು ಬಿದ್ದಿಲ್ಲ. ದೇವರು ನೀರಿಗಾಗಿ ಕಾಯಲಿಲ್ಲ. ಆದರೆ ಪೇತ್ರನೂ 'ಆತ್ಮವೇ ಬಂದಾಯಿತು, ಇನ್ನು ನೀರೇಕೆ' ಎನ್ನಲಿಲ್ಲ. ಇವರಿಗೆ ನೀರನ್ನು ತಡೆಯುವವರು ಯಾರು ಎಂದು ಕೇಳಿ, ಅಲ್ಲೇ ದೀಕ್ಷಾಸ್ನಾನ ಕೊಡಿಸಿದ. ಧರ್ಮೋಪದೇಶ ಗ್ರಂಥವೂ ಇದನ್ನೇ ಹೇಳುತ್ತದೆ: ದೇವರು ರಕ್ಷಣೆಯನ್ನು ಈ ಸಂಸ್ಕಾರಕ್ಕೆ ಕಟ್ಟಿದ್ದಾರೆ, ತಾವು ಮಾತ್ರ ತಮ್ಮ ಸಂಸ್ಕಾರಗಳಿಗೆ ಕಟ್ಟುಬಿದ್ದವರಲ್ಲ. ಸುವಾರ್ತೆ ಕೇಳಿ, ದೀಕ್ಷಾಸ್ನಾನ ಬೇಡಲು ಅವಕಾಶವಿದ್ದವರಿಗೆ ಅದು ಅಗತ್ಯ. ಆ ಅವಕಾಶವೇ ಸಿಗದವರ ಲೆಕ್ಕ ನಮ್ಮ ಕೈಯಲ್ಲಿಲ್ಲ.

ಹಂಬಲಿಸಿಯೂ ಪಡೆಯಲಾಗದೆ ಹೋದವರ ವಿಷಯದಲ್ಲಿ ಸಭೆಗೆ ಹಳೆಯ ನೆನಪೊಂದಿದೆ. 392ರಲ್ಲಿ ರೋಮನ್ ಚಕ್ರವರ್ತಿ ಎರಡನೆಯ ವ್ಯಾಲೆಂಟಿನಿಯನ್, ದೀಕ್ಷಾಸ್ನಾನ ಕೊಡಲು ಬನ್ನಿ ಎಂದು ಮಿಲಾನಿನ ಬಿಷಪ್ ಆಂಬ್ರೋಸರಿಗೆ ಹೇಳಿಕಳುಹಿಸಿದ್ದ. ಅವರು ತಲುಪುವ ಮೊದಲೇ ಸತ್ತ. ಅಳುತ್ತಿದ್ದ ಅವನ ಸಹೋದರಿಯರ ಮುಂದೆ ಆಂಬ್ರೋಸರು ಹೇಳಿದ್ದರ ಸಾರ ಇಷ್ಟು: ಅವನು ಬೇಡಿದ್ದ, ಬೇಡಿದ್ದಕ್ಕೆ ಪಡೆದಿದ್ದಾನೆ. ಬಯಕೆಯ ದೀಕ್ಷಾಸ್ನಾನ ಎಂದು ಮುಂದೆ ಹೆಸರು ಪಡೆದ ಬೋಧನೆಗೆ ಈ ಮಾತು ಆಧಾರವಾಯಿತು. ನಿಮ್ಮ ತಂಗಿಯ ಮಗುವಿಗೆ ಬೇಡಲು ಬಾಯಿ ಇರಲಿಲ್ಲ. ಅದರ ಪರವಾಗಿ ತಾಯಿ ಬೇಡಿಯೇ ಇದ್ದಳಲ್ಲ.

ಬೇರೆ ಸಭೆಗಳ ನೆರೆಹೊರೆಯವರೂ ನಿಮಗಿರಬಹುದು. ಲೂಥರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸಪತ್ರ ದೀಕ್ಷಾಸ್ನಾನ ಅಗತ್ಯವೆನ್ನುತ್ತದೆ. ಬ್ಯಾಪ್ಟಿಸ್ಟರು ಹಾಗೂ ಬಹುಪಾಲು ಪೆಂತೆಕೊಸ್ತರಿಗೆ ಅದು ರಕ್ಷಣೆ ಪಡೆದವನ ವಿಧೇಯತೆ, ರಕ್ಷಣೆಗೆ ಷರತ್ತಲ್ಲ. ಅವರು ಪ್ರಾಯಕ್ಕೆ ಬಂದು ನಂಬಿದವರನ್ನಷ್ಟೇ ಮುಳುಗಿಸುತ್ತಾರೆ. ಸಾಲ್ವೇಶನ್ ಆರ್ಮಿಯವರು ನೀರನ್ನೇ ಬಳಸುವುದಿಲ್ಲ.

ಇನ್ನೊಂದು ವಿಷಯ ನಮ್ಮ ಕರಾವಳಿಯ ಪ್ರತಿ ಮನೆಗೂ ಗೊತ್ತಿರಬೇಕು. ಪ್ರಾಣಾಪಾಯವಿದ್ದಾಗ ಪಾದ್ರಿಗಳಿಗಾಗಿ ಕಾಯಬೇಕಾಗಿಲ್ಲ. ಮಳೆಗಾಲದ ನಡುರಾತ್ರಿ ಅವರು ಬರುವುದಾದರೂ ಹೇಗೆ? ಮಗುವಿನ ತಲೆಯ ಮೇಲೆ ಮೂರು ಸಲ ನೀರು ಹೊಯ್ಯುತ್ತ, 'ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ' ಎಂದರೆ ಸಾಕು. ಅಜ್ಜಿ ಕೊಡಬಹುದು, ನರ್ಸ್ ಕೊಡಬಹುದು. ಸಭೆ ಮಾಡುವುದನ್ನೇ ಮಾಡುವ ಮನಸ್ಸಿದ್ದರೆ ಕ್ರೈಸ್ತರಲ್ಲದವರೂ ಕೊಡಬಹುದು. ಗಾಜಿನ ಪೆಟ್ಟಿಗೆಯೊಳಗಿನ ಮಗುವಿಗೆ ವೈದ್ಯರನ್ನು ಕೇಳಿ ಕೆಲವೇ ಹನಿ ಹಾಕಿದರೂ ಆಯಿತು, ನೀರು ಚರ್ಮದ ಮೇಲೆ ಹರಿಯಬೇಕು ಅಷ್ಟೆ. ಇದನ್ನು ತಂಗಿಯನ್ನು ಚುಚ್ಚಲು ಬರೆಯುತ್ತಿಲ್ಲ. ಆ ಮೂರು ದಿನ ಹೊಲಿಗೆಯ ನೋವಿನಲ್ಲಿ ಮಲಗಿದ್ದವಳಿಗೆ ಇದನ್ನು ಯಾರಾದರೂ ಹೇಳಿದ್ದರೇ? ತಪ್ಪು ಅವಳದಲ್ಲ, ಹೇಳಿಕೊಡದ ನಮ್ಮದು.

ನಿಮ್ಮ ಇಗರ್ಜಿಯ ಪಾದ್ರಿಗಳನ್ನು ಒಮ್ಮೆ ಕಾಣಿ. ದೀಕ್ಷಾಸ್ನಾನ ಕೊಡಿಸಬೇಕೆಂದು ತಂದೆತಾಯಿ ಬಯಸಿದ್ದ ಶಿಶುವಿಗೆ, ಬಿಷಪರ ಅನುಮತಿಯಿಂದ ಸಭೆಯ ವಿಧಿಪ್ರಕಾರವೇ ಅಂತ್ಯಕ್ರಿಯೆ ನಡೆಸಬಹುದೆಂದು 1983ರ ಧರ್ಮಸಭಾ ಸಂಹಿತೆಯಲ್ಲಿದೆ. ಅಂಥ ಶಿಶುಗಳಿಗೆಂದೇ ಪ್ರಾರ್ಥನೆಗಳಿವೆ. ಮಣ್ಣು ಮಾಡಿ ಆಗಿದ್ದರೂ ಬಲಿಪೂಜೆ ಕೇಳಿಕೊಳ್ಳಬಹುದು. ಮಗುವಿಗೆ ಇಡಬೇಕೆಂದುಕೊಂಡಿದ್ದ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಸತ್ತವರನ್ನೆಲ್ಲ ಸಭೆ ಸ್ಮರಿಸುವ ನವೆಂಬರ್ 2ರಂದು ಸಿಮೆಟ್ರಿಯಲ್ಲಿ ಎಲ್ಲರ ಸಮಾಧಿಗಳ ಮೇಲೂ ಮೇಣದಬತ್ತಿ ಉರಿಯುವಾಗ, ಆ ಪುಟ್ಟ ಮಣ್ಣದಿಬ್ಬದ ಮೇಲೂ ಒಂದನ್ನು ತಂಗಿಯ ಕೈಯಿಂದಲೇ ಹಚ್ಚಿಸಿ.