ಎರಡು ಬ್ಯಾಟರಿ, ಒಂದೇ ಮೊತ್ತ

ಬ್ಯಾಟರಿ ಎಂಬ ಪದವೇ ಗುಂಪಿನ ಹೆಸರು. ಸಾಲಾಗಿ ನಿಂತ ಫಿರಂಗಿಗಳಿಗೆ ಸಲ್ಲುತ್ತಿದ್ದ ಆ ಮಾತನ್ನು ಬೆಂಜಮಿನ್ ಫ್ರಾಂಕ್ಲಿನ್ 1749ರ ಪತ್ರವೊಂದರಲ್ಲಿ ವಿದ್ಯುತ್ತಿಗೆ ತಂದರು. ಅವರ ‘ಬ್ಯಾಟರಿ’ ಎಂದರೆ ಎರಡೂ ಬದಿಗೆ ಸೀಸದ ತಗಡು ಅಂಟಿಸಿದ ಹನ್ನೊಂದು ಗಾಜಿನ ಹಲಗೆಗಳು. ಅದು ವಿದ್ಯುತ್ತನ್ನು ಕೂಡಿಡುತ್ತಿತ್ತು, ಹುಟ್ಟಿಸುತ್ತಿರಲಿಲ್ಲ. ಹುಟ್ಟಿಸುವ ಕೆಲಸಕ್ಕೆ 1800ರಲ್ಲಿ ವೋಲ್ಟಾ ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಬೇಕಾಯಿತು. ಅದೂ ಗುಂಪೇ. 1859ರಲ್ಲಿ ಗಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲ ಕೋಶದ ವೋಲ್ಟೇಜು ಸುಮಾರು 2.1. ಅಂಥ ಆರು ಕೋಶಗಳನ್ನು ಒಂದು ಪೆಟ್ಟಿಗೆಯಲ್ಲಿ ಸರಣಿಯಾಗಿ (ಒಂದರ ಧನಕ್ಕೆ ಮುಂದಿನದರ ಋಣ ಸೇರಿಸಿ) ಜೋಡಿಸಿದಾಗ ಸಿಗುವುದೇ ನಾವು ‘ಒಂದು’ ಎಂದು ಎಣಿಸುವ 12 ವೋಲ್ಟ್ ಬ್ಯಾಟರಿ.

ಎರಡನ್ನು ಸರಣಿಯಲ್ಲಿ ಜೋಡಿಸಿದರೆ ವೋಲ್ಟೇಜು ಕೂಡುತ್ತದೆ, ಸಮಾಂತರವಾಗಿ (ಧನಕ್ಕೆ ಧನ, ಋಣಕ್ಕೆ ಋಣ) ಜೋಡಿಸಿದರೆ ಆಂಪಿಯರ್-ಅವರ್, ಅಂದರೆ ಎಷ್ಟು ಆಂಪಿಯರನ್ನು ಎಷ್ಟು ಗಂಟೆ ಕೊಡಬಲ್ಲದೆಂಬ ಅಳತೆ, ಕೂಡುತ್ತದೆ. 12 ವೋಲ್ಟಿನ, 100 ಆಂಪಿಯರ್-ಅವರ್‌ನ ಎರಡು ಬ್ಯಾಟರಿಗಳಲ್ಲಿ ಹೇಗೆ ಜೋಡಿಸಿದರೂ ಇರುವುದು 2400 ವಾಟ್-ಅವರ್ (ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿದಾಗ ಸಿಗುವ ಶಕ್ತಿ). ಸಮಾಂತರವಾಗಿ ಕಟ್ಟಿದರೆ ‘ಹೆಚ್ಚು ಹೊತ್ತು ಬರುತ್ತದೆ’ ಎಂದು ನಂಬಿದವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಲಿ. (ಸಿಮೆಂಟ್ ನೆಲದ ಮೇಲಿಟ್ಟರೆ ಬ್ಯಾಟರಿ ಸೋರಿಹೋಗುತ್ತದೆ ಎನ್ನುವವರಿಗೆ ಗುಣಾಕಾರವೂ ಬೇಡ. ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ದಾಟಿ ವಿದ್ಯುತ್ತು ನೆಲಕ್ಕೆ ಇಳಿಯುವುದಿಲ್ಲ.)

ನನ್ನನ್ನು ನಿಜವಾಗಿ ಕಾಡುವ ನಂಬಿಕೆ ಬೇರೆ. ಹಳೆಯದು ಸೊರಗಿದಾಗ ಪಕ್ಕದಲ್ಲಿ ಹೊಸದನ್ನು ಕಟ್ಟಿದರೆ ಹೊಸದು ಹಳೆಯದಕ್ಕೆ ಆಸರೆಯಾಗುತ್ತದಂತೆ! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಇಂಥ ಜೋಡಿಗೇ ಹುಟ್ಟಿದಂತಿದೆ.

ಸರಣಿಯಲ್ಲಿರುವ ಎರಡು ಬ್ಯಾಟರಿಗಳನ್ನು 24 ವೋಲ್ಟ್ ಚಾರ್ಜರ್ ಹೇಗೆ ಕಾಣುತ್ತದೆ? ಅದಕ್ಕೆ ಕಾಣುವುದು ಎರಡು ತುದಿ ಮಾತ್ರ. ತುದಿಗಳ ನಡುವೆ 28.8 ವೋಲ್ಟ್ ಬಂದರೆ ಅದರ ಲೆಕ್ಕದಲ್ಲಿ ತಲಾ 14.4, ಎಲ್ಲವೂ ಕ್ಷೇಮ. ಆದರೆ 15.2 ಮತ್ತು 13.6 ಕೂಡಿದರೂ 28.8 ಆಗುತ್ತದೆ. ಇಬ್ಬರು ಒಟ್ಟಿಗೆ ತಕ್ಕಡಿ ಹತ್ತಿದರೆ ಯಾರು ಬಡಕಲು, ಯಾರು ಸ್ಥೂಲ ಎಂದು ತಕ್ಕಡಿ ಹೇಳುತ್ತದೆಯೇ? ತರಗತಿಯ ಸರಾಸರಿ ಅಂಕ ನೋಡಿ ನಪಾಸಾದ ಹುಡುಗನನ್ನು ಗುರುತಿಸಲಾದೀತೇ? ಇಲ್ಲಿನ ಸ್ಥಿತಿ ಅದಕ್ಕಿಂತಲೂ ಕೆಟ್ಟದು. ಎರಡರಲ್ಲೂ ಹರಿಯುವ ಪ್ರವಾಹ ಒಂದೇ ಆದ್ದರಿಂದ, ತುಂಬಿದ ಬ್ಯಾಟರಿಗೆ ‘ನನಗೆ ಸಾಕು’ ಎಂದು ಬಾಯಿ ಮುಚ್ಚಿಕೊಳ್ಳುವ ದಾರಿಯೇ ಇಲ್ಲ. ಹೆಚ್ಚಾದ ವಿದ್ಯುತ್ತು ಅದರೊಳಗಿನ ನೀರನ್ನು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆಯುತ್ತದೆ. ಗಾಳಿಯಲ್ಲಿ ಶೇಕಡಾ 4ರಷ್ಟು ಜಲಜನಕ ಸೇರಿದರೂ ಅದು ಹೊತ್ತಿಕೊಳ್ಳಬಲ್ಲದು. ಅತ್ತ ಹಸಿದ ಬ್ಯಾಟರಿ ಹಸಿದೇ ಉಳಿಯುತ್ತದೆ. ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮುಂದಿನ ಬಾರಿ ಅಂತರ ಇನ್ನಷ್ಟು ಹಿಗ್ಗುತ್ತದೆ.

ಬಳಸುವಾಗಲೂ ಇದೇ ಕುರುಡು. 21 ವೋಲ್ಟಿಗೆ ಇಳಿದಾಗ ನಿಲ್ಲುವ ಇನ್ವರ್ಟರಿಗೆ 10.5 ಕೂಡಿಸು 10.5 ಕೂಡ 21, 12 ಕೂಡಿಸು 9 ಕೂಡ 21. ಎರಡನೆಯ ಸಂದರ್ಭದಲ್ಲಿ ಬಡ ಬ್ಯಾಟರಿಯ ದುರ್ಬಲ ಕೋಶ ಪೂರ್ತಿ ಬರಿದಾದ ಮೇಲೂ ಉಳಿದವು ಅದರ ಮೂಲಕ ಪ್ರವಾಹವನ್ನು ತಳ್ಳುತ್ತಲೇ ಇರುತ್ತವೆ. ಅದರ ಧನ-ಋಣಗಳು ತಿರುವುಮುರುವಾಗುವುದೂ ಉಂಟು. ಜೋಡಿಯ ನಡುವಿನಿಂದ ತಂತಿ ಎಳೆದು 12 ವೋಲ್ಟಿನ ದೀಪ ಉರಿಸುವವರು ಈ ಅಸಮಾನತೆಯನ್ನು ಕೈಯಾರೆ ಬಿತ್ತುತ್ತಾರೆ.

ಸಮಾಂತರ ಜೋಡಣೆಯಲ್ಲಿ ವೋಲ್ಟೇಜಿನ ಮೋಸವಿಲ್ಲ, ತಂತಿಯ ಮೋಸವಿದೆ. ನಾಲ್ಕು ಬ್ಯಾಟರಿಗಳನ್ನು ಸಾಲಾಗಿಟ್ಟು ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿ, ಮೊದಲನೆಯದರಿಂದಲೇ ಎರಡೂ ದಪ್ಪ ತಂತಿಗಳನ್ನು ತೆಗೆಯುವುದು ಸಾಮಾನ್ಯ ರೂಢಿ. ಪ್ರತಿ ಬ್ಯಾಟರಿಯ ಒಳರೋಧ (ಪ್ರವಾಹಕ್ಕೆ ತನ್ನೊಳಗೇ ಒಡ್ಡುವ ತಡೆ) 10 ಮಿಲಿಓಮ್, ನಡುವಿನ ಪ್ರತಿ ತುಂಡು ತಂತಿಯದು ಅರ್ಧ ಮಿಲಿಓಮ್ ಎಂದಿಟ್ಟುಕೊಳ್ಳಿ. 100 ಆಂಪಿಯರ್ ಎಳೆದರೆ ಮೊದಲನೆಯದರ ಪಾಲು ಸುಮಾರು 33, ಕೊನೆಯದರದು 20. ಅರ್ಧ ಮಿಲಿಓಮ್ ಏನು ಮಹಾ ಎಂದು ಕೇಳಬೇಡಿ. ಹತ್ತರ ಮುಂದೆ ಅದು ಸಣ್ಣದಲ್ಲ. ಈಗ ಋಣ ತಂತಿಯೊಂದನ್ನು ಕಳಚಿ ನಾಲ್ಕನೆಯದಕ್ಕೆ ಸೇರಿಸಿ. ಧನ ಒಂದು ಮೂಲೆಯಲ್ಲಿ, ಋಣ ಎದುರು ಮೂಲೆಯಲ್ಲಿ. ಪಾಲು 26, 24, 24, 26 ಆಗುತ್ತದೆ! ಧನದ ಕಡೆ ಹತ್ತಿರವಿದ್ದವನು ಋಣದ ಕಡೆ ದೂರವಾಗುತ್ತಾನೆ. ಎಲ್ಲರ ನಡಿಗೆಯೂ ಒಂದೇ. ಚಾರ್ಜ್ ಆಗುವಾಗಲೂ ಹಂಚಿಕೆ ಇದೇ ರೀತಿ ಸುಧಾರಿಸುತ್ತದೆ. ಎರಡೇ ಬ್ಯಾಟರಿಗಳಿದ್ದರೆ ಪಾಲು ಸರಿಸಮ. ಖರ್ಚು ಒಂದು ಸ್ಪ್ಯಾನರಿನ ನಾಲ್ಕು ತಿರುವು. ಅದೇ ಸ್ಪ್ಯಾನರ್ ಎರಡು ತುದಿಗಳಿಗೆ ಅಡ್ಡ ಬಿದ್ದರೆ ಮಾತ್ರ ನೂರಾರು ಆಂಪಿಯರ್ ಹರಿದು ಅದು ಕೆಂಪಗೆ ಕಾಯುತ್ತದೆ, ಜೋಕೆ.

ಒಂದೇ ಮಾದರಿಯ, ಒಂದೇ ವಯಸ್ಸಿನ ಬ್ಯಾಟರಿಗಳನ್ನೇ ಆರಿಸಿ, ಜೋಡಿಸುವ ಮೊದಲು ಪ್ರತಿಯೊಂದನ್ನೂ ಬೇರೆಬೇರೆಯಾಗಿ ಪೂರ್ತಿ ತುಂಬಿಸಿ. ಸರಣಿಯಾದರೆ ತಿಂಗಳಿಗೊಮ್ಮೆ ಮೀಟರನ್ನು ಒಂದೊಂದರ ಮೇಲೂ ಇಡಿ. ಚಾರ್ಜ್ ಕೊನೆಯ ಹಂತದಲ್ಲಿರುವಾಗ ಎರಡರ ನಡುವೆ ಅರ್ಧ ವೋಲ್ಟಿನ ಅಂತರ ಕಂಡರೆ ಜೋಡಿಯನ್ನು ಬಿಡಿಸಿ, ಕಡಿಮೆ ತೋರಿಸಿದ್ದನ್ನು 12 ವೋಲ್ಟಿನ ಚಾರ್ಜರಿಗೆ ಒಂಟಿಯಾಗಿ ಹಾಕಿ.