ಒಂದೇ ಕೆಟಲ್‌ಬೆಲ್ ಸಾಕಾ, ಬಾರ್ಬೆಲ್ ಬೇಕೇ ಬೇಕಾ?

ಓದುಗರ ಪ್ರಶ್ನೆ: ಜಿಮ್‌ಗೆ ಹೋಗಿ ಬರೋಕೆ ಟೈಮ್ ಸಿಗುತ್ತಿಲ್ಲ. ಮನೆಯಲ್ಲೇ ಒಂದು ಕೆಟಲ್‌ಬೆಲ್ ಇಟ್ಟುಕೊಂಡು ವ್ಯಾಯಾಮ ಮಾಡಿದರೆ ನಿಜವಾಗಿಯೂ ಶಕ್ತಿ ಬರುತ್ತದಾ? ಅಥವಾ ಬಾರ್ಬೆಲ್, ಡಂಬೆಲ್ ಎತ್ತಲೇಬೇಕಾ?

ಇದುವರೆಗೆ ಭಾರ ಎತ್ತಿ ಅಭ್ಯಾಸವೇ ಇಲ್ಲದವರಿಗೆ ಕೆಟಲ್‌ಬೆಲ್, ಅಂದರೆ ಮೇಲೆ ಹಿಡಿ ಇರುವ ಕಬ್ಬಿಣದ ಗುಂಡು, ಧಾರಾಳವಾಗಿ ಸಾಕು. ಮೊದಲ ಒಂದು ವರ್ಷ ಅದರಲ್ಲೇ ಮಾಡುವಷ್ಟು ಕೆಲಸ ಇದೆ. ಈಗಾಗಲೇ ಎರಡು ಮೂರು ವರ್ಷ ಜಿಮ್‌ನಲ್ಲಿ ಬೆವರು ಹರಿಸಿದವರು, ಇನ್ನೂ ಜಾಸ್ತಿ ಭಾರ ಎತ್ತಬೇಕು ಅನ್ನುವವರು ಮಾತ್ರ ಬಾರ್ಬೆಲ್, ಅಂದರೆ ಎರಡೂ ತುದಿಗೆ ಪ್ಲೇಟ್ ಹಾಕುವ ಉದ್ದ ಸರಳನ್ನು, ಬಿಡಬಾರದು. ಯಾಕೆ ಅಂತ ಸ್ವಲ್ಪ ವಿವರವಾಗಿ ನೋಡೋಣ. ಕಾರಣ ಗೊತ್ತಾದರೆ ನಿಮಗೆ ಯಾವುದು ಬೇಕು ಅಂತ ನೀವೇ ತೀರ್ಮಾನ ಮಾಡಬಹುದು.

ಶಕ್ತಿ ಹೆಚ್ಚಾಗಬೇಕಾದರೆ ಎತ್ತುವ ಭಾರ ಸ್ವಲ್ಪ ಕಷ್ಟ ಅನಿಸಬೇಕು. ಕೆಲವು ವಾರದಲ್ಲಿ ಅದು ಸಲೀಸಾಗುತ್ತದೆ. ಆಗ ಇನ್ನೊಂಚೂರು ಸೇರಿಸಬೇಕು. ಇಷ್ಟೇ ಗುಟ್ಟು. ಬಾರ್ಬೆಲ್‌ನಲ್ಲಿ ಈ 'ಇನ್ನೊಂಚೂರು' ಸೇರಿಸುವುದು ತುಂಬಾ ಸುಲಭ. ಆ ಕಡೆ ಈ ಕಡೆ ಒಂದೂಕಾಲು ಕೆಜಿ ಪ್ಲೇಟ್ ಹಾಕಿದರೆ ಎರಡೂವರೆ ಕೆಜಿ ಹೆಚ್ಚಾಯಿತು. 40 ಕೆಜಿಯನ್ನು ತಲೆ ಮೇಲೆ ಎತ್ತುವವರು 42.5ಕ್ಕೆ ಹೋದರೆ ಹೆಚ್ಚಾಗಿದ್ದು ಶೇ 6ರಷ್ಟು. ಮೈ ಅದನ್ನು ತಡೆದುಕೊಳ್ಳುತ್ತದೆ.

ಕೆಟಲ್‌ಬೆಲ್‌ನಲ್ಲಿ ಹಾಗಲ್ಲ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 8, 12, 16, 20, 24 ಕೆಜಿ. ಒಂದು ಕೈಯಲ್ಲಿ 12 ಕೆಜಿ ಎತ್ತುವವರ ಮುಂದಿನ ಮೆಟ್ಟಿಲು 16. ಅಂದರೆ ಒಂದೇ ಸಲಕ್ಕೆ ಮೂರನೇ ಒಂದು ಪಾಲು ಜಾಸ್ತಿ! ಹಳೇ ರಷ್ಯಾದಲ್ಲಂತೂ ಇನ್ನೂ ಕಷ್ಟ ಇತ್ತು. ಕೆಟಲ್‌ಬೆಲ್ ಬಂದಿದ್ದೇ ಅಲ್ಲಿಂದ, ಅಲ್ಲಿ ಅದಕ್ಕೆ ಗಿರ್ಯಾ ಅನ್ನುತ್ತಾರೆ. ಅಲ್ಲಿನ ಹಳೇ ತೂಕ ಪೂಡ್, ನಮ್ಮ ಲೆಕ್ಕದಲ್ಲಿ 16.38 ಕೆಜಿ. ಒಂದು ಪೂಡ್, ಒಂದೂವರೆ ಪೂಡ್, ಎರಡು ಪೂಡ್, ಹೀಗೆ ಗಿರ್ಯಾ ಮಾಡುತ್ತಿದ್ದರು. 16, 24, 32 ಅನ್ನುವ ಅಳತೆಗಳು ಇವತ್ತಿಗೂ ಉಳಿದಿರುವುದು ಅದರಿಂದಲೇ. 16ರಿಂದ 24ಕ್ಕೆ ಹಾರುವುದು ಅಂದರೆ ಭಾರ ಒಂದೂವರೆ ಪಟ್ಟು ಆದ ಹಾಗೆ. ಭುಜ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಹಾಗಾದರೆ ಕೆಟಲ್‌ಬೆಲ್ ಎತ್ತುವವರು ಮುಂದೆ ಹೋಗುವುದು ಹೇಗೆ? ಭಾರ ಹೆಚ್ಚಿಸುವ ಬದಲು ಎಣಿಕೆ ಹೆಚ್ಚಿಸುತ್ತಾರೆ. 12 ಕೆಜಿಯನ್ನು ಒಂದೊಂದು ಕೈಯಲ್ಲಿ 5 ಸಲ ಎತ್ತುತ್ತಿದ್ದವರು 8ಕ್ಕೆ, ಆಮೇಲೆ 10ಕ್ಕೆ ಹೋಗುತ್ತಾರೆ. ಸೆಟ್, ಅಂದರೆ ಒಂದೇ ಸಮ ಎತ್ತುವ ಸರದಿಗಳನ್ನು, ಜಾಸ್ತಿ ಮಾಡುತ್ತಾರೆ. ಇಳಿಸುವಾಗ ನಿಧಾನ ಮಾಡುತ್ತಾರೆ. 12 ಕೆಜಿಯ ನಾಲ್ಕೈದು ಸೆಟ್ ಸರಾಗವಾದ ಮೇಲೆ 16ನ್ನು ಕೈಗೆತ್ತಿಕೊಂಡು ಒಂದೊಂದೇ ಸಲ ಎತ್ತಿ ನೋಡುತ್ತಾರೆ. ಇದು ಒಳ್ಳೆಯ ದಾರಿಯೇ. ತಾಳ್ಮೆ ಕಲಿಸುತ್ತದೆ, ಗಾಯವೂ ಕಡಿಮೆ. ಆದರೆ ಕಾಲಿನ ವಿಷಯಕ್ಕೆ ಬಂದರೆ ಈ ದಾರಿ ಒಂದು ಕಡೆ ನಿಂತುಬಿಡುತ್ತದೆ. ಸರಿಯಾಗಿ ತರಬೇತಿ ಮಾಡಿದ ಆರೋಗ್ಯವಂತರು ಡೆಡ್‌ಲಿಫ್ಟ್‌ನಲ್ಲಿ (ನೆಲದಿಂದ ಭಾರ ಎತ್ತಿ ನೆಟ್ಟಗೆ ನಿಲ್ಲುವುದು) ತಮ್ಮ ಮೈತೂಕಕ್ಕಿಂತ ಜಾಸ್ತಿ ಎತ್ತುವುದು ದೊಡ್ಡ ಸಾಹಸವೇನಲ್ಲ. ಅಂಥವರ ಕಾಲು, ಸೊಂಟಕ್ಕೆ 24 ಕೆಜಿ ಕಬ್ಬಿಣ ಏನು ಸವಾಲು ಹಾಕೀತು?

ಇದು ಬರೀ ನನ್ನ ಅಭಿಪ್ರಾಯ ಅಲ್ಲ. 2012ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಒಂದರಲ್ಲಿ ಆರೋಗ್ಯವಂತ ಗಂಡಸರು ಆರು ವಾರ 12 ಅಥವಾ 16 ಕೆಜಿ ಕೆಟಲ್‌ಬೆಲ್ ಸ್ವಿಂಗ್ ಮಾಡಿದರು, ಅಂದರೆ ಅದನ್ನು ಕಾಲುಗಳ ನಡುವಿಂದ ಮುಂದಕ್ಕೆ ಬೀಸಿದರು. ಸ್ಕ್ವಾಟ್‌ನಲ್ಲಿ (ಭಾರ ಹೊತ್ತು ಮಂಡಿ ಮಡಚಿ ಕೂತು ಏಳುವುದು) ಅವರು ಎತ್ತಬಲ್ಲ ಭಾರ ಸುಮಾರು ಶೇ 10ರಷ್ಟು ಹೆಚ್ಚಿತು. ನೆಗೆಯುವ ಶಕ್ತಿಯೂ ಚೆನ್ನಾಗಿ ಏರಿತು. ಅಷ್ಟು ಹಗುರದ ಕಬ್ಬಿಣ ಬೀಸಿ ಇಷ್ಟು ಲಾಭ ಸಿಕ್ಕಿದ್ದು ದೊಡ್ಡ ಮಾತು. ಇನ್ನೊಂದರಲ್ಲಿ ಒಂದು ಗುಂಪು ಕೆಟಲ್‌ಬೆಲ್ ಎತ್ತಿತು, ಇನ್ನೊಂದು ಗುಂಪು ಬಾರ್ಬೆಲ್‌ನಲ್ಲಿ ವೇಟ್‌ಲಿಫ್ಟಿಂಗ್ ಮಾಡಿತು. ಅದೂ ಆರೇ ವಾರ. ಎರಡೂ ಗುಂಪಿಗೆ ಲಾಭ ಆಯಿತು. ಆದರೆ ಸ್ಕ್ವಾಟ್‌ನಲ್ಲಿ ಬಾರ್ಬೆಲ್ ಗುಂಪು ಶೇ 13.6ರಷ್ಟು ಏರಿದರೆ ಕೆಟಲ್‌ಬೆಲ್ ಗುಂಪು ಶೇ 4.5ರಷ್ಟು ಏರಿತು. ಇವು ಸಣ್ಣ ಅಧ್ಯಯನಗಳು, ಅವಧಿಯೂ ಕಡಿಮೆ. ಆದರೂ ಮೇಲೆ ಹೇಳಿದ ಲೆಕ್ಕಕ್ಕೆ ತಾಳೆ ಆಗುತ್ತದೆ.

ಸ್ನಾಯು ದಪ್ಪ ಆಗುವ ಮಾತು ಬೇರೆ. ಹಗುರದ ಭಾರವನ್ನೂ ಇನ್ನು ಒಂದೆರಡು ಸಲಕ್ಕಿಂತ ಜಾಸ್ತಿ ಆಗಲ್ಲ ಅನ್ನುವವರೆಗೆ ಎತ್ತಿದರೆ ಸ್ನಾಯು ಬೆಳೆಯುತ್ತದೆ. ಭಾರಿ ಭಾರವೇ ಬೇಕು ಅಂತಿಲ್ಲ. ಹಾಗಾಗಿ ತೋಳು, ಭುಜ, ಬೆನ್ನು ಸ್ವಲ್ಪ ತುಂಬಿಕೊಳ್ಳಲಿ ಅನ್ನುವವರು ಒಂದೇ ಕೆಟಲ್‌ಬೆಲ್ ಇದೆ ಅಂತ ಬೇಜಾರು ಮಾಡಿಕೊಳ್ಳಬೇಕಿಲ್ಲ.

ಈಗ ಕೆಟಲ್‌ಬೆಲ್ ಎಲ್ಲಿ ಗೆಲ್ಲುತ್ತದೆ ನೋಡೋಣ. ಅದರ ಜೀವಾಳ ಸ್ವಿಂಗ್. ಡಂಬೆಲ್‌ನ ಭಾರ ಅಂಗೈ ಎರಡೂ ಬದಿ ಸಮನಾಗಿ ಇರುತ್ತದೆ. ಕೆಟಲ್‌ಬೆಲ್‌ನ ಗುಂಡು ಹಿಡಿಯಿಂದ ಕೆಳಗೆ ದೂರ ಇರುತ್ತದೆ. ಅದಕ್ಕೇ ಅದನ್ನು ಕಾಲುಗಳ ನಡುವೆ ಬೀಸಬಹುದು.

ಸ್ವಿಂಗ್ ಮಾಡುವುದು ಹೀಗೆ. ಕಾಲು ಭುಜಕ್ಕಿಂತ ಒಂಚೂರು ಅಗಲ. ಬೆಲ್ ಪಾದದಿಂದ ಸುಮಾರು ಒಂದಡಿ ಮುಂದೆ ನೆಲದ ಮೇಲಿರಲಿ. ಸೊಂಟದಲ್ಲಿ ಬಗ್ಗಿ, ಕುಂಡಿ ಹಿಂದಕ್ಕೆ ಹೋಗಲಿ, ಮಂಡಿ ಸ್ವಲ್ಪವೇ ಮಡಚಲಿ, ಬೆನ್ನು ನೇರ ಇರಲಿ. ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬೆಲ್ಲನ್ನು ಕಾಲುಗಳ ಸಂದಿಗೆ ಎಳೆದುಕೊಳ್ಳಿ. ಮುಂಗೈ ತೊಡೆಯ ಮೇಲ್ಭಾಗಕ್ಕೆ ತಾಗಬೇಕು, ಬೆಲ್ ಮಂಡಿಗಿಂತ ಕೆಳಗೆ ಜೋತುಬೀಳಬಾರದು. ಅಲ್ಲಿಂದ ಒಂದೇ ಏಟಿಗೆ ಸೊಂಟ ಮುಂದಕ್ಕೆ ತಂದು ನೆಟ್ಟಗೆ ನಿಲ್ಲಿ. ಬೆಲ್ ತಾನಾಗಿ ಎದೆಯ ಮಟ್ಟಕ್ಕೆ ತೇಲುತ್ತದೆ. ಕೈಗಳದ್ದು ಇಲ್ಲಿ ಹಗ್ಗದ ಕೆಲಸ ಮಾತ್ರ. ಎತ್ತುವುದು ಸೊಂಟ, ಕುಂಡಿ, ತೊಡೆಯ ಹಿಂಭಾಗ. ಹೊಸಬರು ಮಾಡುವ ದೊಡ್ಡ ತಪ್ಪು ಒಂದೇ. ಕುಕ್ಕರಗಾಲಲ್ಲಿ ಕೂತೆದ್ದು, ಭುಜದಿಂದ ಬೆಲ್ಲನ್ನು ಮೇಲೆ ಎತ್ತುತ್ತಾರೆ. ಮಾರನೇ ದಿನ ಭುಜ ಮತ್ತು ಕೆಳಬೆನ್ನು ನೋಯುತ್ತಿದ್ದರೆ ಹಾಗೆ ಮಾಡಿದ್ದೀರಿ ಅಂತಲೇ ಅರ್ಥ. ಕುಂಡಿ, ತೊಡೆಯ ಹಿಂಭಾಗ ಬಿಗಿ ಹಿಡಿದಿದ್ದರೆ ಸರಿಯಾಗಿ ಮಾಡಿದ್ದೀರಿ.

ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರ ಮೈಯಲ್ಲಿ ನಿದ್ದೆ ಹೋಗುವುದು ಇದೇ ಭಾಗ ಅಲ್ವಾ? ಡೆನ್ಮಾರ್ಕ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಕತ್ತು, ಬೆನ್ನು ನೋವು ಹೆಚ್ಚಾಗಿರುವ ಕೆಲಸಗಳಲ್ಲಿದ್ದ 40 ಮಂದಿಯನ್ನು ತೆಗೆದುಕೊಂಡರು. ಹೆಚ್ಚಿನವರು ಹೆಂಗಸರು. ಅವರಲ್ಲಿ ಅರ್ಧ ಜನ ಎಂಟು ವಾರ ಕೆಟಲ್‌ಬೆಲ್ ಮಾಡಿದರು. ಕತ್ತು-ಭುಜದ ನೋವು, ಕೆಳಬೆನ್ನಿನ ನೋವು ಎರಡೂ ಇಳಿದವು. ಬೆನ್ನಿನ ಸ್ನಾಯುಗಳ ಶಕ್ತಿ ಹೆಚ್ಚಿತು. ಆದರೆ ದಮ್ಮು, ಅಂದರೆ ಆಮ್ಲಜನಕ ಬಳಸುವ ಸಾಮರ್ಥ್ಯ, ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಕೆಟಲ್‌ಬೆಲ್ ಇದ್ದರೆ ವಾಕಿಂಗ್, ಓಟ ಯಾವುದೂ ಬೇಡ ಅನ್ನುವವರು ಇದನ್ನು ಗಮನಿಸಬೇಕು. ನಿಮಿಷಕ್ಕೆ 20 ಕ್ಯಾಲೊರಿ ಖರ್ಚಾಗುತ್ತದೆ ಅಂತ ಜಾಹೀರಾತುಗಳಲ್ಲಿ ಬರುವ ಅಂಕಿ ಅಮೆರಿಕದ ಒಂದು ಅಧ್ಯಯನದ್ದು. ಅಲ್ಲಿ ಕೆಟಲ್‌ಬೆಲ್‌ನಲ್ಲಿ ಪಳಗಿದವರು 20 ನಿಮಿಷ ಸ್ನ್ಯಾಚ್ (ಬೆಲ್ಲನ್ನು ಒಂದೇ ಬೀಸಿಗೆ ತಲೆ ಮೇಲೆ ಎತ್ತುವುದು) ಮಾಡಿದ್ದರು. ಮೊದಲ ತಿಂಗಳು ಕಲಿಯುವವರಿಗೆ ಆ ಲೆಕ್ಕ ಹಿಡಿಯಬೇಡಿ.

ಬೆನ್ನು ನೋವಿದ್ದವರಿಗೆ ಒಂದು ಎಚ್ಚರಿಕೆ. ಸ್ವಿಂಗ್‌ನಲ್ಲಿ ಕೆಳಬೆನ್ನಿನ ಮೂಳೆಗಳ ಮೇಲೆ ಬೀಳುವ ಜಾರುಬಲ, ಅಂದರೆ ಒಂದು ಮೂಳೆಯನ್ನು ಇನ್ನೊಂದರ ಮೇಲೆ ಜಾರಿಸುವ ಬಲ, ನೆಲದಿಂದ ಭಾರ ಎತ್ತುವಾಗ ಬೀಳುವುದಕ್ಕೆ ವಿರುದ್ಧ ದಿಕ್ಕಿನಲ್ಲಿರುತ್ತದೆ. ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಇದನ್ನು ಅಳೆದು ತೋರಿಸಿದ್ದಾರೆ. ಕೆಲವರಿಗೆ ಸ್ವಿಂಗ್‌ನಿಂದ ಬೆನ್ನು ವಾಸಿ ಆಗುವುದಕ್ಕೂ, ಡೆಡ್‌ಲಿಫ್ಟ್ ಆರಾಮಾಗಿ ಮಾಡುವ ಕೆಲವರಿಗೆ ಸ್ವಿಂಗ್‌ನಿಂದಲೇ ನೋವು ಬರುವುದಕ್ಕೂ ಇದು ಕಾರಣ ಇರಬಹುದು. ನಿಮಗೆ ಡಿಸ್ಕ್ ತೊಂದರೆ, ಹರ್ನಿಯಾ, ಹತೋಟಿಗೆ ಬಾರದ ಬಿಪಿ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಪಕ್ಕದ ಮನೆಯವರಿಗೆ ವಾಸಿಯಾಯಿತು ಅಂತ ಸುಮ್ನೆ ಶುರುಮಾಡಬೇಡಿ.

ಉಳಿದ ಸಾಧನಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಡಂಬೆಲ್ ಜೋಡಿ, ಅದರಲ್ಲೂ ಪ್ಲೇಟ್ ಬದಲಾಯಿಸುವಂಥದ್ದು, ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸಲು ಕೆಟಲ್‌ಬೆಲ್‌ಗಿಂತ ಒಳ್ಳೆಯದು. ಬೀಸುವುದಕ್ಕೆ ಮಾತ್ರ ಅನುಕೂಲ ಅಲ್ಲ. ಮೆಷಿನ್‌ಗಳನ್ನು ಕೆಲವರು ಹೀಗಳೆಯುತ್ತಾರೆ. ನಾನು ಒಪ್ಪುವುದಿಲ್ಲ. ಅರವತ್ತು ದಾಟಿದವರಿಗೆ, ತೂಗಾಡದೆ ನಿಲ್ಲುವುದೇ ಕಷ್ಟ ಅನ್ನುವವರಿಗೆ ಕೂತು ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್ ಮೆಷಿನ್ ನಿಜವಾದ ಉಪಕಾರ ಮಾಡುತ್ತದೆ. ರಬ್ಬರ್ ಬ್ಯಾಂಡ್ ಊರೂರು ತಿರುಗುವವರ ಬ್ಯಾಗಿಗೆ ಸರಿ.

ಇನ್ನು ಕಾಸೇ ಖರ್ಚಿಲ್ಲದ್ದು ನಮ್ಮ ದಂಡ, ಬಸ್ಕಿ. ಗರಡಿಮನೆಯಲ್ಲಿ ಸಾಮು ಮಾಡಿದವರು ಇದರ ಮೇಲೆ ಗದೆ ತಿರುಗಿಸುತ್ತಿದ್ದರು, ಕಲ್ಲು ಎತ್ತುತ್ತಿದ್ದರು. ಗದೆಯೂ ಭಾರ ದೂರ ಇಟ್ಟು ಬೀಸುವ ಸಾಧನವೇ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಿದವರಿಗೆ ಸೊಂಟದ ಶಕ್ತಿ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಶಿಯಂ ನಡೆಸಿದ ಕೆ. ವಿ. ಅಯ್ಯರ್ ಕಳೆದ ಶತಮಾನದ ಮೊದಲ ಭಾಗದಲ್ಲೇ ಬಾರ್ಬೆಲ್ ಜೊತೆ ಸೂರ್ಯನಮಸ್ಕಾರವನ್ನೂ ಸೇರಿಸಿ ಕಲಿಸಿದರು. ಒಂದನ್ನು ಹಿಡಿದು ಇನ್ನೊಂದನ್ನು ಬೈಯುವ ಅಗತ್ಯ ಅವರಿಗೆ ಕಾಣಲಿಲ್ಲ. ನಮಗೂ ಅದು ಬೇಕಿಲ್ಲ ಅಂತ ನನ್ನ ನಂಬಿಕೆ.

ಮನೆಯಲ್ಲಿ ಒಂದೇ ಬೆಲ್ ಇಟ್ಟುಕೊಂಡು ಶುರುಮಾಡುವವರಿಗೆ ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಮೊದಲ ಎರಡು ವಾರ ಸ್ವಿಂಗ್ ಬೇಡ. ಬೆಲ್ಲನ್ನು ಪಾದಗಳ ನಡುವೆ ಇಟ್ಟು ಸೊಂಟದಿಂದ ಬಗ್ಗಿ ಎತ್ತಿ ಇಳಿಸುವುದನ್ನಷ್ಟೇ ಮಾಡಿ. ಅದು ಮೈಗೆ ಹತ್ತಿದ ಮೇಲೆ ಹತ್ತತ್ತು ಸ್ವಿಂಗ್‌ನ ಐದು ಸೆಟ್, ಆಮೇಲೆ ಮೆಲ್ಲಗೆ ಹತ್ತು ಸೆಟ್. ಬೆಲ್ಲನ್ನು ಎದೆಗವಚಿ ಸ್ಕ್ವಾಟ್ ಮೂರು ಸೆಟ್. ಒಂದು ಕೈ ಮಂಚದ ಮೇಲೆ ಊರಿ, ಇನ್ನೊಂದರಲ್ಲಿ ಬೆಲ್ಲನ್ನು ಪಕ್ಕೆಗೆ ಎಳೆಯುವುದು ಮೂರು ಸೆಟ್. ಬೆಲ್ಲನ್ನು ಭುಜದಿಂದ ತಲೆ ಮೇಲಕ್ಕೆ ತಳ್ಳುವ ಪ್ರೆಸ್ ಮೂರು ಸೆಟ್. ಕೊನೆಗೆ ಒಂದು ಕೈಯಲ್ಲಿ ಬೆಲ್ ಹಿಡಿದು, ವಾಲದೆ, ಹಾಲ್‌ನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುವುದು. ಕೆಟಲ್‌ಬೆಲ್‌ನಿಂದ ಸಿಗದ ಒಂದೇ ದೊಡ್ಡ ವ್ಯಾಯಾಮ ಅಂದರೆ ನೇತಾಡಿ ಮೈಯನ್ನು ಮೇಲಕ್ಕೆ ಎಳೆದುಕೊಳ್ಳುವುದು. ಗಟ್ಟಿ ಪುಲ್‌ಅಪ್ ಬಾರ್ ಒಂದು ಹಾಕಿಸಿಕೊಂಡರೆ ಆ ಕೊರತೆಯೂ ತೀರುತ್ತದೆ.

ಎಷ್ಟು ಕೆಜಿ ಕೊಳ್ಳಬೇಕು? ಹೊಸಬ ಗಂಡಸರಿಗೆ 12 ಅಥವಾ 16, ಹೆಂಗಸರಿಗೆ 8 ಅಥವಾ 12 ಸರಿಹೋಗುತ್ತದೆ. 4 ಕೆಜಿಯ ಬೆಲ್ ಕೊಂಡರೆ ಸ್ವಿಂಗ್ ಕಲಿಯುವುದೇ ಕಷ್ಟ. ಅದು ತೀರಾ ಹಗುರ, ಕೈಯಿಂದಲೇ ಎದ್ದುಬಿಡುತ್ತದೆ, ಸೊಂಟಕ್ಕೆ ಕೆಲಸವೇ ಇರುವುದಿಲ್ಲ. ಸಾಧ್ಯ ಆದರೆ ಅಂಗಡಿಗೇ ಹೋಗಿ ಹಿಡಿ ಮುಟ್ಟಿ ನೋಡಿ. ಎರಕದ ಗೆರೆ ಹಿಡಿಯ ಒಳಗಡೆ ಎದ್ದು ನಿಂತಿದ್ದರೆ ಅಂಗೈ ಸುಲಿಯುತ್ತದೆ. ಎರಡೂ ಕೈ ಹಿಡಿಯುವಷ್ಟು ಅಗಲ ಇದೆಯಾ ನೋಡಿ. ಪ್ಲಾಸ್ಟಿಕ್ ಹೊದಿಕೆ ಒಳಗೆ ಸಿಮೆಂಟ್ ತುಂಬಿದ್ದು ಅಗ್ಗ, ಆದರೆ ಗುಂಡು ತೀರಾ ದಪ್ಪ ಇರುತ್ತದೆ, ಕಾಲುಗಳ ನಡುವೆ ತಾಗುತ್ತದೆ. ಒಂದೇ ಅಚ್ಚಿನ ಎರಕದ ಕಬ್ಬಿಣ ತಗೊಳ್ಳಿ. ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಸಿ. ಬೆಲ್ ಬೀಸುವಾಗ ಎದುರಿಗೆ ಟಿವಿ, ಗಾಜು, ಮಕ್ಕಳು ಯಾರೂ ಯಾವುದೂ ಇರಬಾರದು. ಕೈ ಬೆವರಿ ಬೆಲ್ ಜಾರಿದರೆ ಅದು ನೇರ ಮುಂದಕ್ಕೇ ಹಾರುತ್ತದೆ.