ಗುಡ್ಡಕ್ಕೆ ಒಂದು ಹೆಸರು, ಊರಿಗೆ ಇನ್ನೊಂದು: ಸೆಲ್ಚುಕ್ ಕತೆ

ಟರ್ಕಿಯ ಇಜ್ಮಿರ್‌ನಿಂದ ರೈಲಿನಲ್ಲಿ ದಕ್ಷಿಣಕ್ಕೆ ಹೋದರೆ ಸೆಲ್ಚುಕ್ ಎಂಬ ಸಣ್ಣ ಊರು ಸಿಗುತ್ತದೆ. ಸುತ್ತಲಿನ ಹಳ್ಳಿಗಳನ್ನು ಸೇರಿಸಿದರೂ ಇಲ್ಲಿ 40 ಸಾವಿರ ಜನರಿಲ್ಲ. ಪೇಟೆಯ ನಡುವೆ ಬೈಜಾಂಟೈನ್ ಕಾಲದ ನೀರುಗಾಲುವೆಯ ಕಂಬಗಳಿವೆ. ಅವುಗಳ ತಲೆಯ ಮೇಲೆ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಪಕ್ಕದಲ್ಲೇ ಒಂದು ಗುಡ್ಡ, ಅದರ ಮೇಲೊಂದು ಕೋಟೆ. ಗುಡ್ಡದ ಹೆಸರು ಅಯಾಸುಲುಕ್. 1914ರವರೆಗೆ ಊರಿನ ಹೆಸರೂ ಅದೇ ಆಗಿತ್ತು.

ಹೆಸರು ಬದಲಾಗುವುದು ಈ ಜಾಗಕ್ಕೆ ಹೊಸದೇನಲ್ಲ. ಸೆಲ್ಚುಕ್‌ನಿಂದ ನಡೆದುಹೋಗುವಷ್ಟು ಹತ್ತಿರದಲ್ಲೇ ಹಳೆಯ ಎಫೆಸದ ಅವಶೇಷಗಳಿವೆ. ಕನ್ನಡ ಬೈಬಲ್‌ನಲ್ಲಿ ‘ಎಫೆಸದವರಿಗೆ’ ಎಂಬ ಪತ್ರಿಕೆ ಇದೆಯಲ್ಲ, ಅದೇ ಎಫೆಸ. ಅಲೆಕ್ಸಾಂಡರ್ ಸತ್ತ ಮೇಲೆ ಲೈಸಿಮಾಕಸ್ ಎಂಬ ಅವನ ಸೇನಾಪತಿಯ ಕೈಗೆ ಈ ನಗರ ಬಂತು. ಅವನು ಊರನ್ನೇ ಬೇರೆ ಕಡೆ ಕಟ್ಟಿಸಿದ. ಜನ ಹಳೆಯ ಮನೆ ಬಿಟ್ಟು ಏಳಲಿಲ್ಲ. ಆಗ ಜೋರು ಮಳೆಗಾಲ ನೋಡಿ, ಹಳೆಯ ಊರಿನ ಚರಂಡಿಗಳನ್ನು ಮುಚ್ಚಿಸಿ, ನೀರು ನುಗ್ಗುವಂತೆ ಮಾಡಿದನಂತೆ. ಸ್ಟ್ರಾಬೋ ಎಂಬ ಭೂಗೋಳಕಾರ ಇದನ್ನು ಬರೆದಿಟ್ಟಿದ್ದಾನೆ. ಹೊಸ ನಗರಕ್ಕೆ ಲೈಸಿಮಾಕಸ್ ತನ್ನ ಹೆಂಡತಿ ಅರ್ಸಿನೋಯೆಯ ಹೆಸರಿಟ್ಟ. ಜನ ಜಾಗ ಬದಲಿಸಿದರು, ಆದರೆ ಹೆಸರು ಅವರ ನಾಲಿಗೆಗೆ ಹತ್ತಲಿಲ್ಲ. ಕ್ರಿಸ್ತಪೂರ್ವ 281ರಲ್ಲಿ ಅವನು ಯುದ್ಧದಲ್ಲಿ ಸತ್ತ. ನಗರ ಮತ್ತೆ ಎಫೆಸ ಆಯಿತು.

ಎಫೆಸವನ್ನು ಕೊನೆಗೆ ಖಾಲಿ ಮಾಡಿಸಿದ್ದು ಹೂಳು. ಇಂದು ಕುಚುಕ್ ಮೆಂಡೆರೆಸ್ ಎಂದು ಕರೆಯುವ ನದಿ ವರ್ಷ ವರ್ಷವೂ ಮಣ್ಣು ತಂದು ಬಂದರಿಗೆ ತುಂಬಿತು. ಸಮುದ್ರ ದೂರ ಸರಿಯಿತು. ಹಡಗು ಬರದ ಮೇಲೆ ವ್ಯಾಪಾರ ಎಲ್ಲಿ? ಜೌಗು ಜಾಗದಲ್ಲಿ ಮಲೇರಿಯಾ ಬೇರೆ. ಜನ ನಿಧಾನವಾಗಿ ಗುಡ್ಡದ ಕಡೆ ಬಂದರು. ಅಲ್ಲಿ ಯೇಸುವಿನ ಶಿಷ್ಯ ಸಂತ ಯೋಹಾನನ ಸಮಾಧಿ ಇದೆ ಎಂಬ ನಂಬಿಕೆ ಇತ್ತು. 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಅದರ ಮೇಲೆ ದೊಡ್ಡ ಚರ್ಚ್ ಕಟ್ಟಿಸಿದ.

ಗ್ರೀಕರು ಯೋಹಾನನನ್ನು ‘ಹಾಗಿಯೋಸ್ ಥಿಯೊಲೊಗೊಸ್’ ಎನ್ನುತ್ತಿದ್ದರು. ದೇವರ ವಿಷಯ ಹೇಳುವ ಸಂತ ಎಂದರ್ಥ. ಇದೇ ಊರಿನ ಹೆಸರಾಯಿತು. ಟರ್ಕರ ಬಾಯಲ್ಲಿ ಅದು ಸವೆದು ‘ಅಯಾಸುಲುಕ್’ ಆಯಿತು. ಇಟಲಿಯ ವ್ಯಾಪಾರಿಗಳ ಕಿವಿಗೆ ಅದೇ ಹೆಸರು ‘ಆಲ್ಟೊಲುಒಗೊ’ ಎಂದು ಕೇಳಿಸಿತು. ಅವರ ಭಾಷೆಯಲ್ಲಿ ಅದಕ್ಕೆ ಎತ್ತರದ ಜಾಗ ಎಂಬ ಅರ್ಥ. ಊರು ಗುಡ್ಡದ ಮೇಲೇ ಇತ್ತಲ್ಲ, ಅರ್ಥವೂ ಕೂಡಿಬಂತು! ಈ ಊರಿನ ಹೆಸರುಗಳಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಅಯಾಸುಲುಕ್. ಯಾವ ರಾಜನೂ ಕೂತು ಇಟ್ಟ ಹೆಸರಲ್ಲ ಅದು. ಗ್ರೀಕ್ ಸಂತ, ಟರ್ಕಿ ನಾಲಿಗೆ, ಎರಡೂ ಅದರಲ್ಲಿವೆ.

1304ರಲ್ಲಿ ಟರ್ಕರು ಊರನ್ನು ಗೆದ್ದರು. ಆಮೇಲೆ ಇಲ್ಲಿ ಆಳಿದವರು ಐದಿನ್ ಮನೆತನದವರು. ಅವರು 1375ರಲ್ಲಿ ಕಟ್ಟಿ ಮುಗಿಸಿದ ಈಸಾ ಬೇ ಮಸೀದಿ ಗುಡ್ಡದ ಬುಡದಲ್ಲಿ ಇಂದಿಗೂ ಇದೆ. ನಂತರ ಆಟೊಮನ್ನರು ಬಂದರು, ಊರು ಸೊರಗಿ ಹಳ್ಳಿಯಂತಾಯಿತು. ಮತ್ತೆ ಜೀವ ತಂದದ್ದು 1860ರ ದಶಕದ ಇಜ್ಮಿರ್–ಐದಿನ್ ರೈಲುಮಾರ್ಗ. ಆ ಮಾರ್ಗದ ನಿಲ್ದಾಣಗಳ ಕೆಲಸಕ್ಕೆ ಬಂದಿದ್ದ ಜಾನ್ ಟರ್ಟಲ್ ವುಡ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಗೆ ಎಫೆಸದಲ್ಲಿದ್ದ ಗ್ರೀಕ್ ದೇವತೆ ಆರ್ಟೆಮಿಸ್‌ಳ ದೇವಾಲಯದ ಹುಚ್ಚು ಹಿಡಿಯಿತು. ಪ್ರಪಂಚದ ಏಳು ಅದ್ಭುತಗಳಲ್ಲಿ ಒಂದಾದ ಅದು ಎಲ್ಲಿತ್ತು ಎಂಬುದೇ ಮರೆತುಹೋಗಿತ್ತು. 1863ರಲ್ಲಿ ಅಗೆಯಲು ಶುರು ಮಾಡಿದವನಿಗೆ 1869ರ ಕೊನೆಗೆ ಅದರ ನೆಲ ಸಿಕ್ಕಿತು, ಹೂಳಿನ ಅಡಿಯಲ್ಲಿ.

ಇನ್ನು 1914. ಬಾಲ್ಕನ್ ಯುದ್ಧಗಳಲ್ಲಿ ಆಟೊಮನ್ನರು ಯುರೋಪಿನ ಬಹುಪಾಲು ನೆಲ ಕಳೆದುಕೊಂಡಿದ್ದರು. ಗ್ರೀಕ್ ಎನಿಸುವ ಹೆಸರುಗಳು ಆಳುವವರ ಕಣ್ಣಿಗೆ ಚುಚ್ಚತೊಡಗಿದವು. ಅಯಾಸುಲುಕ್ ಹೋಗಿ, ಮಧ್ಯಯುಗದ ಟರ್ಕಿ ಮನೆತನವೊಂದರ ನೆನಪಿಗೆ ಸೆಲ್ಚುಕ್ ಬಂತು. ಆದರೆ ಊರಿನ ದೊಡ್ಡ ಮಸೀದಿ ಕಟ್ಟಿಸಿದ್ದು ಸೆಲ್ಚುಕರಲ್ಲ, ಐದಿನ್‌ನವರು. ಊರಿನ ಸ್ವಂತ ಚರಿತ್ರೆಗಿಂತ ದೇಶದ ದೊಡ್ಡ ಕತೆಗೆ ಹೊಂದುವ ಹೆಸರು ಬೇಕಿತ್ತು ಅನಿಸುತ್ತದೆ. 1916ರಲ್ಲಿ ಆಟೊಮನ್ ಯುದ್ಧಮಂತ್ರಿ ಎನ್ವರ್ ಪಾಶಾ ಗ್ರೀಕ್, ಅರ್ಮೇನಿಯನ್, ಬಲ್ಗೇರಿಯನ್ ಹೆಸರುಗಳನ್ನೆಲ್ಲ ಬದಲಿಸಲು ಆದೇಶವನ್ನೇ ಹೊರಡಿಸಿದ. ಗಣರಾಜ್ಯ ಬಂದ ಮೇಲೂ ಇದು ನಿಲ್ಲಲಿಲ್ಲ. 20ನೇ ಶತಮಾನದಲ್ಲಿ ಹೀಗೆ ಹೊಸ ಹೆಸರು ಪಡೆದ ಹಳ್ಳಿಗಳೇ ಸುಮಾರು 12 ಸಾವಿರ.

ಪಕ್ಕದ ಬೆಟ್ಟದಲ್ಲಿರುವ ಶಿರಿಂಜೆ ಹಳ್ಳಿ ಅವುಗಳಲ್ಲಿ ಒಂದು. ಅದು ಗ್ರೀಕರ ಹಳ್ಳಿಯಾಗಿತ್ತು, ಹೆಸರು ಕಿರ್ಕಿಂಜೆ. ಟರ್ಕಿಯಲ್ಲಿ ಅದು ಚಿರ್ಕಿಂಜೆ ಆಯಿತು. ‘ಚಿರ್ಕಿನ್’ ಎಂದರೆ ಕುರೂಪ. ಹೊರಗಿನವರು ಬರದಿರಲಿ ಎಂದು ಊರಿನವರೇ ಹಾಗೆ ಹೇಳಿಕೊಂಡರು ಎಂಬ ಕತೆ ಈಗಲೂ ಇದೆ. ಗ್ರೀಸ್–ಟರ್ಕಿ ಯುದ್ಧ ಮತ್ತು ಆ ಎರಡು ದೇಶಗಳ ನಡುವಿನ 1923ರ ಜನವಿನಿಮಯ ಒಪ್ಪಂದದ ಹೊತ್ತಿಗೆ ಗ್ರೀಕರು ಹೋದರು. ಗ್ರೀಸ್‌ನಿಂದ ಬಂದ ಮುಸ್ಲಿಮರು ಆ ಮನೆಗಳಲ್ಲಿ ನೆಲೆಸಿದರು. 1926ರಲ್ಲಿ ಇಜ್ಮಿರ್‌ನ ಗವರ್ನರ್ ಕಾಜಿಮ್ ದಿರಿಕ್ ಅದನ್ನು ‘ಶಿರಿಂಜೆ’ ಮಾಡಿದ. ಮುದ್ದಾದದ್ದು ಎಂದರ್ಥ. ಎರಡಕ್ಷರ ಬದಲಾಯಿತು, ಅಷ್ಟೇ. ಆದರೆ ಹಳೆಯ ಹೆಸರು ಹೇಳುತ್ತಿದ್ದವರು ಸಮುದ್ರದ ಆಚೆ ಸೇರಿದ್ದರು.

ಸೆಲ್ಚುಕ್ 1957ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. 2015ರಲ್ಲಿ ಎಫೆಸ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿತು. ಆ ಪಟ್ಟಿಯಲ್ಲಿ ಅಯಾಸುಲುಕ್ ಗುಡ್ಡವೂ ಸೇರಿದೆ. ಇತ್ತೀಚೆಗೆ ಊರಿನ ಪುರಸಭೆ ತನ್ನನ್ನು ‘ಎಫೆಸ್ ಸೆಲ್ಚುಕ್’ ಎಂದು ಕರೆದುಕೊಳ್ಳುತ್ತಿದೆ.